ಸರ್ವರ್ ಡೌನ್ ಅಂದರೆ ಮುಗೀತಾ?

ಮಾನ್ಯ ಸಂಪಾದಕರೇ,

ಹಾಸನದ ಒಂದು ಕಚೇರಿಗೆ ಕಳೆದ ವಾರ ಮೂರು ಸಲ ಅಲೆದೆ. ಮೂರು ಸಲವೂ ‘ಸರ್ವರ್ ಡೌನ್’. ಸಕಲೇಶಪುರದಿಂದ ಬಸ್ ಹತ್ತಿ ಬಂದಿದ್ದ ಅಜ್ಜ ಒಬ್ಬರು ‘ಅದು ಯಾವಾಗ ಏಳುತ್ತಪ್ಪಾ?’ ಅಂತ ಕೇಳಿದರು. ನಗು ಬಂತು, ಬೇಜಾರೂ ಆಯಿತು.

ನಾನೂ ಸರ್ವರ್, ನೆಟ್‌ವರ್ಕ್ ಕಸುಬಿನವನೇ. ಕೇಳಿಕೊಂಡು ಒಳಗೆ ಹೋಗಿ ನೋಡಿದರೆ ಸರ್ವರ್ ಆರಾಮಾಗಿ ಓಡುತ್ತಿತ್ತು! ಯಾರೋ ಒಂದೇ ಕೇಬಲ್‌ನ ಎರಡೂ ತುದಿಯನ್ನು ಒಂದೇ ಸ್ವಿಚ್‌ಗೆ (ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಚುಚ್ಚಿದ್ದರು. ಹೀಗಾದರೆ ಬ್ರಾಡ್‌ಕಾಸ್ಟ್ ಸಂದೇಶಗಳು, ಅಂದರೆ ನೆಟ್‌ವರ್ಕಿನ ಎಲ್ಲರಿಗೂ ಹೋಗುವಂಥವು, ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತವೆ, ಹೊಸವು ಬಂದು ಸೇರುತ್ತಲೇ ಇರುತ್ತವೆ, ಕೊನೆಗೆ ಇಡೀ ನೆಟ್‌ವರ್ಕ್ ಉಸಿರು ಕಟ್ಟಿ ಕೂರುತ್ತದೆ. ಇದನ್ನು ತಡೆಯುವ ‘ಸ್ಪ್ಯಾನಿಂಗ್ ಟ್ರೀ’ ಎಂಬ ವ್ಯವಸ್ಥೆ 1990ರಲ್ಲೇ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ ಮಾನದಂಡವಾಗಿದೆ. ಮ್ಯಾನೇಜ್ಡ್ ಸ್ವಿಚ್‌ನಲ್ಲಿ (ಸೆಟ್ಟಿಂಗ್ ಬದಲಿಸಬಹುದಾದದ್ದು) ಅದು ಆನ್ ಇದ್ದರೆ ಹೆಚ್ಚುವರಿ ಪೋರ್ಟನ್ನು, ಅಂದರೆ ಕೇಬಲ್ ಚುಚ್ಚುವ ಕಿಂಡಿಯನ್ನು, ತಾನೇ ತಡೆಹಿಡಿಯುತ್ತದೆ. ಅಲ್ಲಿದ್ದದ್ದು ಅದಿಲ್ಲದ, ಸುಮ್ನೆ ಅಗ್ಗದ ಡಬ್ಬಿ.

ಜಾಸ್ತಿ ಭಯ ಆಗಿದ್ದು ಬೇರೆ. ಮಾಹಿತಿ ಇಡುವ ಸ್ಟೋರೇಜ್‌ನ ಒಂದು ಡಿಸ್ಕಿನ ದೀಪ ಹಳದಿ ಮಿನುಗುತ್ತಿತ್ತು, ಅಂದರೆ ಡಿಸ್ಕ್ ಕೆಟ್ಟಿರುವ ಸೂಚನೆ. ಎಷ್ಟು ದಿನದಿಂದ ಅಂತ ಯಾರಿಗೂ ಗೊತ್ತಿಲ್ಲ. ಅಲ್ಲಿದ್ದದ್ದು ರೇಡ್ 5, ಅಂದರೆ ಹಲವು ಡಿಸ್ಕ್‌ಗಳಿಗೆ ಮಾಹಿತಿ ಹಂಚಿ ಇಡುವ ವ್ಯವಸ್ಥೆ; ಅದು ಒಂದು ಡಿಸ್ಕ್ ಕೆಟ್ಟರೆ ತಡೆದುಕೊಳ್ಳುತ್ತದೆ, ಅದನ್ನು ಬದಲಿಸುವ ಮೊದಲೇ ಎರಡನೆಯದೂ ಕೆಟ್ಟರೆ ಕಥೆ ಮುಗಿಯಿತು. ಬ್ಯಾಕಪ್ (ಬೇರೆ ಕಡೆ ಇಟ್ಟ ಪ್ರತಿ) ಎಲ್ಲಿ ಅಂದರೆ ‘ರೇಡ್ ಇದೆಯಲ್ಲ ಸಾರ್’ ಅಂದರು. ರೇಡ್ ಬ್ಯಾಕಪ್ ಅಲ್ಲ ಸ್ವಾಮಿ! ತಪ್ಪಿ ಅಳಿಸಿದ ಫೈಲನ್ನು ಅದು ವಾಪಸ್ ಕೊಡೋದಿಲ್ಲ.

ಕೇಬಲ್ ಕಿತ್ತು ಬಂದೆ. ಅಜ್ಜನ ಕೆಲಸ ಆಯಿತು. ಆ ಡಿಸ್ಕನ್ನಾದರೂ ಮಳೆ, ಸಿಡಿಲು ಶುರುವಾಗುವ ಮೊದಲು ಬದಲಾಯಿಸಿ.

– ಓದುಗ, ಹಾಸನ