ಕರಾವಳಿಯುದ್ದಕ್ಕೂ ಹೊರಟ ಮಗಳಿಗೆ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮುಂಬಯಿಯಿಂದ ತಿರುವನಂತಪುರದವರೆಗೆ ಕಡಲಗುಂಟ ಪ್ರಯಾಣ ಮಾಡಿ, ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳಗಳಲ್ಲಿ ಯಾವ ರಾಜ್ಯದ ಕರಾವಳಿ ಹೆಚ್ಚು ಸುಂದರವೆಂದು ಹೋಲಿಸಿ ಬರೆಯಬೇಕೆಂಬ ನಿನ್ನ ಯೋಚನೆಯನ್ನು ತಿಳಿದು ಸಂತೋಷವಾಯಿತು. ಹೋಲಿಸುವುದು ತಪ್ಪಲ್ಲ, ಆದರೆ ಒಂದು ಊರಿನ ಮರಳನ್ನು ಮತ್ತೊಂದು ಊರಿನ ಮರಳಿನೊಡನೆ, ಒಂದು ಸೂರ್ಯಾಸ್ತವನ್ನು ಮತ್ತೊಂದರೊಡನೆ ತೂಗುತ್ತ ಹೋದರೆ ಹತ್ತು ದಿನಗಳಲ್ಲಿ ಎಲ್ಲವೂ ಒಂದೇ ಎನಿಸಿಬಿಡುತ್ತದೆ. ಕಡಲು ಎಲ್ಲ ಕಡೆಯೂ ಅದೇ ಅರಬ್ಬೀ ಸಮುದ್ರ. ಭೇದವಿರುವುದು ಅದಕ್ಕೆ ಎದುರಾಗಿ ನಿಂತ ನೆಲದಲ್ಲಿ. ಆದ್ದರಿಂದ ಪ್ರತಿ ಊರಿನಲ್ಲಿಯೂ ಒಮ್ಮೆ ಕಡಲಿಗೆ ಬೆನ್ನು ಮಾಡಿ ಪೂರ್ವಕ್ಕೆ ನೋಡಬೇಕೆಂಬುದು ನನ್ನ ಮೊದಲ ಸಲಹೆ.

ಮಹಾರಾಷ್ಟ್ರದ ಕೊಂಕಣದಲ್ಲಿ ಹಾಗೆ ನೋಡಿದಾಗ ನಿನಗೆ ಕಾಣುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಹೆಪ್ಪುಗಟ್ಟಿ ಆದ ಕಪ್ಪು ಬಸಾಲ್ಟ್ ಕಲ್ಲಿನ ನಾಡು. ರತ್ನಾಗಿರಿಯ ಸುತ್ತ ಆ ಕಲ್ಲಿನ ಮೇಲೆ ಚಿರೆಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಪದರ ಕೂತು, ಮೇಜಿನಂತೆ ಚಪ್ಪಟೆಯಾದ ವಿಶಾಲ ಬಯಲುಗಳಾಗಿವೆ. ಅಲ್ಲಿಯವರು ಅವನ್ನು ಸಡಾ ಎನ್ನುತ್ತಾರೆ. ಬೇಸಿಗೆಯಲ್ಲಿ ಹುಲ್ಲುಕಡ್ಡಿಯೂ ಇಲ್ಲದಂತೆ ಕಾಣುವ ಈ ಬಯಲು ಮಳೆಗಾಲದ ಕೊನೆಗೆ ನೆಲಕ್ಕಂಟಿದ ಸಣ್ಣ ಹೂಗಳಿಂದ ತುಂಬುತ್ತದೆ, ಮತ್ತು ಇದೇ ಬಂಡೆಯ ಮೇಲೆ ಬಹು ಪುರಾತನ ಕಾಲದ ಜನರು ಆನೆ, ಮೀನುಗಳ ಬೃಹತ್ ಚಿತ್ರಗಳನ್ನು ಕೊರೆದಿದ್ದಾರೆ. ಬೀಚುಗಳಿಗಷ್ಟೇ ಓಡುವವರು ಇದನ್ನು ನೋಡದೆ ಹೋಗುತ್ತಾರೆ. ನೀನು ಹಾಗೆ ಮಾಡಬೇಡ.

ಗೋವಾದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅಲ್ಲಿನ ಮರಳದಂಡೆಗಳ ಪರಿಚಯ ನಿನಗಿದೆ. ಆದರೆ ಮಾಂಡೋವಿ, ಜುವಾರಿ ನದಿಗಳ ಇಕ್ಕೆಲಗಳಲ್ಲಿರುವ ಖಾಜಾನ್ ಗದ್ದೆಗಳನ್ನು ನೋಡದೆ ಬರಬೇಡ. ಉಬ್ಬರದ ಉಪ್ಪುನೀರು ನುಗ್ಗದಂತೆ ಮಣ್ಣಿನ ಒಡ್ಡು ಕಟ್ಟಿ, ಅದಕ್ಕೆ ತೂಬಿನ ಬಾಗಿಲಿಟ್ಟು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಜೌಗುನೆಲದಲ್ಲಿ ಭತ್ತವನ್ನೂ ಮೀನನ್ನೂ ಬೆಳೆಯುವ ಶತಮಾನಗಳ ಏರ್ಪಾಡು ಅದು. ನಮ್ಮ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ದಡದ ಗಜನಿ ಭೂಮಿಯಲ್ಲಿ ಉಪ್ಪು ಸಹಿಸುವ ಕಗ್ಗ ಭತ್ತ ಬೆಳೆಯುವುದೂ, ಕೊಚ್ಚಿಯ ಸಮೀಪದಲ್ಲಿ ಪೊಕ್ಕಾಳಿ ಭತ್ತದ ಕೊಯ್ಲಾದ ಮೇಲೆ ಅದೇ ಗದ್ದೆಗೆ ಸಿಗಡಿ ಬಿಡುವುದೂ ಇದೇ ಜಾತಿಯ ಜಾಣ್ಮೆ. ರಾಜ್ಯದ ಗಡಿಗಳು ಈ ನೋಟವನ್ನು ತುಂಡರಿಸಿಲ್ಲ. ಹೋಲಿಕೆಯನ್ನು ನೀನು ಬರೆಯುವುದೇ ಆದರೆ ನದಿ ಕಡಲು ಸೇರುವ ಈ ಅಳಿವೆಗಳನ್ನೇ ಎದುರುಬದುರಾಗಿಟ್ಟು ಬರೆ ಎಂಬುದು ನನ್ನ ಮನಸ್ಸಿನ ಮಾತು, ಏಕೆಂದರೆ ಘಟ್ಟದ ಮಣ್ಣು, ಮಳೆಯ ನೀರು, ಕಡಲಿನ ಉಪ್ಪು, ಮನುಷ್ಯನ ದುಡಿಮೆ ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುವ ಜಾಗ ಕರಾವಳಿಯಲ್ಲಿ ಬೇರೊಂದಿಲ್ಲ.

ನಮ್ಮ ಕರ್ನಾಟಕದ ಕರಾವಳಿ ಉದ್ದದಲ್ಲಿ ಸುಮಾರು 320 ಕಿ.ಮೀ. ಮಾತ್ರ, ಆದರೆ ಅಷ್ಟರಲ್ಲಿಯೇ ಅದು ರೂಪ ಬದಲಿಸುತ್ತ ಹೋಗುತ್ತದೆ. ಕಾರವಾರದಲ್ಲಿ ಬೆಟ್ಟ ಕಡಲಿನ ಅಂಚಿಗೇ ಬಂದು ನಿಲ್ಲುತ್ತದೆ. ಗೋಕರ್ಣದಲ್ಲಿ ಗುಡ್ಡದ ಚಾಚುಗಳ ನಡುವೆ ಪುಟ್ಟ ಪುಟ್ಟ ಮರಳದಂಡೆಗಳು ಸಿಕ್ಕಿಕೊಂಡಿವೆ. ದಕ್ಷಿಣಕ್ಕೆ ಸರಿದಂತೆ ಘಟ್ಟ ಹಿಂದೆ ಸರಿದು, ನೆಲ ಅಗಲವಾಗಿ, ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಸಮುದ್ರ ಇರುತ್ತದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಅಲ್ಲಿನ ಕಂಬಗಲ್ಲುಗಳನ್ನು ಕೈಯಿಂದ ಮುಟ್ಟಿ ನೋಡು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಅಂದರೆ ಸುಮಾರು 8.8 ಕೋಟಿ ವರ್ಷ ಹಿಂದಿನ ಅಗ್ನಿಶಿಲೆ ಅದು; ಕೊಂಕಣದ ಬಸಾಲ್ಟಿಗಿಂತಲೂ ಹಳೆಯದು. ಅಘನಾಶಿನಿಗೆ ಮಾತ್ರ ಒಂದು ಪೂರ್ತಿ ದಿನ ಮೀಸಲಿಡು. ಕಾಳಿಗೂ ಶರಾವತಿಗೂ ಅಣೆಕಟ್ಟುಗಳು ಬಿದ್ದಿವೆ. ಸಿರಸಿಯ ಕಡೆ ಹುಟ್ಟುವ ಈ ಹೊಳೆ ಅಣೆಕಟ್ಟಿಲ್ಲದೆ ಕಡಲು ಸೇರುತ್ತದೆ, ಮತ್ತು ಅದರ ಅಳಿವೆ 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಮಾನ್ಯತೆ ಪಡೆದಿದೆ. ಇಳಿತದ ಹೊತ್ತಿನಲ್ಲಿ ಹೆಂಗಸರು, ಗಂಡಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಆಯುವುದನ್ನು ನೋಡಿದರೆ, ಸೌಂದರ್ಯವೆಂದು ನಾವು ಕರೆಯುವ ಆ ನೀರು ಎಷ್ಟು ಮನೆಗಳ ಅನ್ನವೆಂಬುದು ತಿಳಿಯುತ್ತದೆ.

ಕೇರಳದಲ್ಲಿ ಕಡಲೇ ತಂದು ಹಾಕಿದ ಮರಳಿನ ದಿಬ್ಬಗಳ ಹಿಂದೆ ನದಿಗಳ ನೀರು ನಿಂತು ವೇಂಬನಾಡು, ಅಷ್ಟಮುಡಿಯಂಥ ಹಿನ್ನೀರುಗಳಾಗಿವೆ. ಕುಟ್ಟನಾಡಿನಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗೆ ಬೇಸಾಯ ನಡೆಯುತ್ತದೆ. ವರ್ಕಲದಲ್ಲಿ ಮಾತ್ರ ಕೆಂಪು ಕಡಿಬಂಡೆ ನೇರವಾಗಿ ಮರಳದಂಡೆಗೆ ಇಳಿಯುವುದನ್ನು ಕಾಣುವೆ. ಕೇರಳದ ಕರಾವಳಿಯ ಬಹುಭಾಗಕ್ಕೆ ಕಲ್ಲಿನ ತಡೆಗೋಡೆ ಬಿದ್ದಿದೆ. ಕಡಲ್ಕೊರೆತದಿಂದ ಮನೆ ಕಳೆದುಕೊಂಡವರು ನಮ್ಮ ಉಳ್ಳಾಲದಲ್ಲಿಯೂ ಇದ್ದಾರೆ. ಅಂಥ ಜಾಗಗಳನ್ನು ಕುರೂಪವೆಂದು ಬಿಟ್ಟು ಮುಂದೆ ಹೋಗದೆ, ನಿಂತು ನೋಡಿ, ಅದನ್ನೂ ಬರೆ.

ಹೋಗುವುದಾದರೆ ಅಕ್ಟೋಬರ್ ತಿಂಗಳು ಸರಿ. ಮಳೆಯ ಹಸಿರು ಉಳಿದಿರುತ್ತದೆ, ಗಜನಿಯಲ್ಲಿ ಕಗ್ಗ ತೆನೆಗಟ್ಟಿರುತ್ತದೆ, ಕಡಲೂ ಶಾಂತವಾಗುತ್ತಿರುತ್ತದೆ. ಜೂನ್, ಜುಲೈಯಲ್ಲಿ ಯಾವ ರಾಜ್ಯದಲ್ಲಿಯೂ ನೀರಿಗಿಳಿಯಬೇಡ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ 741 ಕಿ.ಮೀ. ಕೊಂಕಣ ರೈಲು ಮಾರ್ಗ ಹೆಚ್ಚಾಗಿ ಒಳನಾಡಿನಲ್ಲಿಯೇ ಸಾಗುವುದರಿಂದ, ರೈಲಿನಲ್ಲಿ ಹೊಳೆಗಳನ್ನೂ ಘಟ್ಟದ ಬುಡವನ್ನೂ ನೋಡಿಕೊಂಡು, ಕಡಲನ್ನು ನೋಡಲು ಅಲ್ಲಲ್ಲಿ ಇಳಿಯುತ್ತ ಬಾ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ; ಆದ್ದರಿಂದ ಕುಮಟಾಕ್ಕೆ ಬರುವ ದಿನ ನಿಶ್ಚಯವಾದ ಕೂಡಲೇ ಪತ್ರ ಹಾಕು, ಆ ದಿನದ ಇಳಿತವನ್ನು ನೋಡಿಕೊಂಡು ದೋಣಿಯವರಿಗೆ ಹೇಳಿಡುತ್ತೇನೆ.

ಇಂತು,
ನಿನ್ನ ದೊಡ್ಡಪ್ಪ