ಎಕ್ಸ್‌ರೇ ಉಪಮೆ ಬಿಡಿ, ಮೈ ನೋಡಿ

ಪ್ರಿಯ ಯುವ ಮಿತ್ರರೇ,

ಚಿತ್ರಕಾರ ಸುಧೀರ್ ಪಟವರ್ಧನ್ ಕುರಿತ ನಿಮ್ಮ ಲೇಖನದ ಕರಡು ಓದಿದೆ. ಮೊದಲ ವಾಕ್ಯದಲ್ಲೇ ಎಡವಿದ್ದೀರಿ. ರೇಡಿಯಾಲಜಿಸ್ಟ್, ಅಂದರೆ ಎಕ್ಸ್‌ರೇ ಓದುವ ವೈದ್ಯ, ಆದ್ದರಿಂದ ಅವರ ಕುಂಚವೂ ಎಕ್ಸ್‌ರೇಯಂತೆ ದೇಹದೊಳಕ್ಕೆ ಇಳಿಯುತ್ತದೆ ಎಂದಿದ್ದೀರಿ. ಅವರು 1949ರಲ್ಲಿ ಪುಣೆಯಲ್ಲಿ ಹುಟ್ಟಿದ್ದು, 1972ರಲ್ಲಿ ಅಲ್ಲಿನ ಸೇನಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಹೊರಬಂದದ್ದು, 1975ರಿಂದ 2005ರವರೆಗೆ ಮುಂಬೈ ಪಕ್ಕದ ಠಾಣೆ ನಗರದಲ್ಲಿ ಆ ವೃತ್ತಿ ಮಾಡಿದ್ದು ಎಲ್ಲವೂ ಸರಿ. ಆದರೆ ಎಕ್ಸ್‌ರೇಯಲ್ಲಿ ಮಾಂಸ ಕರಗಿ ಮೂಳೆ ಉಳಿಯುತ್ತದೆ. ಪಟವರ್ಧನರ ಎಪ್ಪತ್ತು-ಎಂಬತ್ತರ ದಶಕದ ದುಡಿಯುವ ಜನರಲ್ಲಿ ಆಗಿರುವುದು ಇದರ ತಿರುಗುಮುರುಗು: ಮೈ ಭಾರವಾಗಿ, ಅಪಾರದರ್ಶಕವಾಗಿ, ಜಾಗ ಹಿಡಿದು ಕೂತಿದೆ. ವೃತ್ತಿಯನ್ನು ಚಿತ್ರದ ಬೀಗದ ಕೈ ಮಾಡಿಕೊಂಡರೆ ಕಣ್ಣಿಗೆ ಕೆಲಸವೇ ಉಳಿಯುವುದಿಲ್ಲ.

ಹಾಗಾಗಿ ಗೋಡೆಯ ಮೇಲಿನ ಟಿಪ್ಪಣಿ ಓದುವ ಮೊದಲು ಒಂದೇ ಚಿತ್ರದ ಮುಂದೆ ಇಪ್ಪತ್ತು ನಿಮಿಷ ನಿಲ್ಲಿ. ಎಷ್ಟು ಜನರಿದ್ದಾರೆ, ಯಾರ ಪಾದ ನೆಲಕ್ಕೆ ತಾಗಿದೆ, ಯಾರನ್ನು ಚೌಕಟ್ಟು ಕತ್ತರಿಸಿದೆ, ನೋಡುವವನ ಕಣ್ಣು ಯಾವ ಎತ್ತರದಲ್ಲಿದೆ ಎಂದು ಬರೆದುಕೊಳ್ಳಿ. ಕಣ್ಣಿನ ಎತ್ತರ ಪಟವರ್ಧನರಲ್ಲಿ ಮುಖ್ಯ. ನಗರದೃಶ್ಯಗಳಲ್ಲಿ ಒಂದೇ ಕ್ಯಾನ್ವಾಸಿಗೆ ಹಲವು ನೋಟಕೋನ ಸೇರಿಸುತ್ತಾರೆ, ಮೇಲಿನಿಂದ ಕಂಡ ರಸ್ತೆ ಪಕ್ಕದಲ್ಲೇ ಎದುರಿನಿಂದ ಕಂಡ ಗೋಡೆ. 'ನೈಜ ಶೈಲಿ' ಎಂದು ಬರೆದುಬಿಟ್ಟರೆ ಈ ಜೋಡಣೆ ಕಾಣದೇ ಹೋಗುತ್ತದೆ. 'ಆಕೃತಿಪ್ರಧಾನ' (ಮನುಷ್ಯರ, ವಸ್ತುಗಳ ಆಕಾರ ಗುರುತು ಸಿಗುವ ಚಿತ್ರ) ಎನ್ನಿ, ಆಮೇಲೆ ಆಕೃತಿ ಹೇಗಿದೆ ಹೇಳಿ.

ಬಣ್ಣದ ಬಗ್ಗೆ ಮನೆಗೆ ಬಂದು ಫೋನ್ ನೋಡಿ ಬರೆಯಬೇಡಿ. ಗ್ಯಾಲರಿಯ ದೀಪ ಹಳದಿಯಾಗಿದ್ದರೆ ಚರ್ಮದ ಕಂದು ಫೋನಿನಲ್ಲಿ ಕಿತ್ತಳೆಗೆ ಜಾರುತ್ತದೆ. ತೈಲವರ್ಣದ ಹೊಳಪು ಗಾಢ ಭಾಗಗಳ ಮೇಲೆ ಬಿಳಿ ಮಚ್ಚೆ ಬಿಡುತ್ತದೆ. ಅಳತೆಯೂ ಅಷ್ಟೇ. ಕಲಾಕೃತಿಗಳ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಎತ್ತರ ಮೊದಲು, ಅಗಲ ನಂತರ. ನೀವು ತಿರುವುಮುರುವು ಓದಿ ಅಡ್ಡ ಚಿತ್ರವನ್ನು ಉದ್ದಕ್ಕೆ ನಿಲ್ಲಿಸಿದ್ದೀರಿ! 48 × 60 ಇಂಚು ಎಂದರೆ ನಾಲ್ಕಡಿ ಎತ್ತರ, ಐದಡಿ ಅಗಲ. ಓದುಗರಿಗೆ ಅಡಿಯಲ್ಲೇ ಹೇಳಿ, ಬೇಗ ಮನಸ್ಸಿಗೆ ಬರುತ್ತದೆ.

ಶೀರ್ಷಿಕೆಗಳಲ್ಲೂ ಹಳ್ಳಗಳಿವೆ. 'ಪೋಖ್ರಣ್' ಎಂಬ ಚಿತ್ರವನ್ನು ಅಣುಪರೀಕ್ಷೆಗೆ ಕಟ್ಟಿದ್ದೀರಿ. ಅದು ಠಾಣೆಯ ಒಂದು ಪ್ರದೇಶ. 1977ರ 'ಇರಾನಿ ರೆಸ್ಟೋರೆಂಟ್' ಕುರಿತು ಹೇಳುವಾಗ 1982ರ ಮುಂಬೈ ಬಟ್ಟೆ ಗಿರಣಿ ಮುಷ್ಕರವನ್ನು ಎಳೆದು ತಂದದ್ದು ಇನ್ನೂ ದೊಡ್ಡ ತಪ್ಪು. ಮುಷ್ಕರದ ನೆರಳು ಹುಡುಕುವುದಾದರೆ 2001ರ 'ಲೋವರ್ ಪರೇಲ್' ಮುಂದೆ ನಿಂತು ಹುಡುಕಿ, ಗಿರಣಿಗಳ ಆ ನೆಲ ಅಷ್ಟರಲ್ಲಿ ಬೇರೆಯವರ ಕೈಸೇರುತ್ತಿತ್ತು.

ಪ್ರಭಾವಗಳ ಪ್ಯಾರಾ ಹೆಸರುಗಳ ಮೆರವಣಿಗೆಯಾಗಿದೆ. ಫ್ರೆಂಚ್ ಚಿತ್ರಕಾರರಾದ ಸೆಜಾನ್, ಲೆಜೇ, ಜೊತೆಗೆ ಮಾರ್ಕ್ಸ್‌ವಾದ ಮೂರೂ ಇರಲಿ, ಆದರೆ ಪ್ರತಿಯೊಂದಕ್ಕೂ ಚಿತ್ರದಲ್ಲಿ ಒಂದು ಸಾಕ್ಷಿ ಬೇಕು. ಲೆಜೇ ಎಂದರೆ ಕೊಳವೆಯಂತೆ ದುಂಡಗಾದ ಅಂಗ. ಅದು ಯಾವ ತೋಳಿನಲ್ಲಿದೆ? ತೋರಿಸಲಾಗದಿದ್ದರೆ ಹೆಸರು ತೆಗೆಯಿರಿ. 1981ರ 'ಪ್ಲೇಸ್ ಫಾರ್ ಪೀಪಲ್' ಪ್ರದರ್ಶನದಲ್ಲಿ ಪಟವರ್ಧನರೂ ಸೇರಿದ್ದ ಆರು ಕಲಾವಿದರನ್ನು ಒಂದೇ ಪಂಥ ಎಂದಿದ್ದೀರಿ. ಆ ಆರರಲ್ಲೊಬ್ಬರಾದ ಭೂಪೇನ್ ಖಖ್ಖರರ ತುಂಟ ವ್ಯಂಗ್ಯಕ್ಕೂ ಪಟವರ್ಧನರ ಗಂಭೀರ ತೂಕಕ್ಕೂ ನೆಂಟಸ್ತನ ಇದೆ, ಹೋಲಿಕೆ ಕಡಿಮೆ. ಕಲಾಶಾಲೆಯ ಪದವಿ ಇಲ್ಲದಿದ್ದರೂ 'ಸ್ವಯಂಕಲಿತ' ಎಂಬ ಪದ ಇಲ್ಲಿ ದಾರಿ ತಪ್ಪಿಸುತ್ತದೆ, ಓದುಗ ಮುಗ್ಧ ಕಲಾವಿದನನ್ನು ಊಹಿಸಿಕೊಳ್ಳುತ್ತಾನೆ.

ಪ್ರದರ್ಶನಗಳ ಪಟ್ಟಿ ಬೇಡ. 1979ರ ಮೊದಲ ಏಕವ್ಯಕ್ತಿ ಪ್ರದರ್ಶನ, 2005ರಲ್ಲಿ ವೈದ್ಯ ವೃತ್ತಿ ಬಿಟ್ಟದ್ದು, 2019ರಲ್ಲಿ ಮುಂಬೈಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಿಂಹಾವಲೋಕನ ಪ್ರದರ್ಶನ, ಇಷ್ಟು ಸಾಕು. '2005ರ ನಂತರ ಕಲೆ ಅರಳಿತು' ಎಂಬ ವಾಕ್ಯಕ್ಕೆ ಆಧಾರವಿಲ್ಲ. ಆ ವರ್ಷದ ಹಿಂದಿನ ಐದು, ಮುಂದಿನ ಐದು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಏನು ಬದಲಾಗಿದೆಯೋ ಅದನ್ನಷ್ಟೇ ಬರೆಯಿರಿ.

ಎರಡನೇ ಕರಡು ಸಾವಿರದ ಇನ್ನೂರು ಪದ ಮೀರದಿರಲಿ. ಪ್ರತಿ ಚಿತ್ರದ ವರ್ಷ, ಮಾಧ್ಯಮ, ಅಳತೆ ಬರೆದ ಚೀಟಿಯನ್ನು ಬೇರೆಯಾಗಿ ಲಗತ್ತಿಸಿ.

ನಿಮ್ಮ ಹಿತೈಷಿ