ನಾಲ್ಕನೇ ಜ್ವರದ ಬಗ್ಗೆ ಕೇಳಿದ ಮೇಡಂಗೆ

ಬಿ.ಎ. ಮೊದಲ ವರ್ಷ ಮುಗಿಯಿತು. ಕಾಲೇಜಿನ ವಾರ್ಷಿಕ ಸಂಚಿಕೆ ಮೊನ್ನೆ ಕೈಗೆ ಬಂತು. ನಮ್ಮ ಮನೆಯ ರೇಷ್ಮೆ ಸಾಕಣೆಯ ಬಗ್ಗೆ ನಾನು ಬರೆದ ಲೇಖನ ಅದರಲ್ಲಿದೆ. ಅದು ಅಲ್ಲಿಗೆ ಬರುವ ಹಾಗೆ ಮಾಡಿದವರಿಗೆ ಎಲ್ಲರೆದುರು ಧನ್ಯವಾದ ಹೇಳಬೇಕು ಅನ್ನಿಸಿದೆ.

ಮೊದಲು ನಮ್ಮ ಕನ್ನಡ ಮೇಡಂಗೆ. ಪಿಯುಸಿ ತನಕ ನಮಗೆಲ್ಲ ಪ್ರಬಂಧ ಅಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ತಲೆಬರಹಕ್ಕೆ ಅಡಿಗೆರೆ ಎಳೆದು ಗೈಡಿನಲ್ಲಿ ಇದ್ದದ್ದನ್ನು ಬರೆದರೆ ಅಂಕ ಬರುತ್ತಿತ್ತು. ಇಲ್ಲೂ ನಾನು 'ರೈತ ದೇಶದ ಬೆನ್ನೆಲುಬು' ಅಂತಲೇ ಶುರು ಮಾಡಿದೆ. ಮೇಡಂ ಅದನ್ನು ಹೊಡೆದುಹಾಕಲಿಲ್ಲ. ಅವರು ಶಿಡ್ಲಘಟ್ಟದ ಕಡೆಯವರು, ಹುಳು ಮನೆ ನೋಡಿ ಬೆಳೆದವರು. ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆದರು: 'ನಾಲ್ಕನೇ ಜ್ವರ ಎದ್ದ ಮೇಲೆ ನಿಮ್ಮ ಮನೇಲಿ ಯಾರು ನಿದ್ದೆ ಮಾಡ್ತಾರೆ?'

ರೇಷ್ಮೆ ಸಾಕದವರಿಗೆ ಸ್ವಲ್ಪ ಹೇಳಬೇಕು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಮೇಯುವುದು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ಇದೆಯಲ್ಲ, ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕಿಂತ ಜಾಸ್ತಿ ಆಗಲೇ ತಿನ್ನುವುದು. ರಾತ್ರಿಯೆಲ್ಲ ಮೇಯುವ ಸದ್ದು, ಎಲೆಗಳ ಮೇಲೆ ಸೋನೆ ಮಳೆ ಬಿದ್ದ ಹಾಗೆ. ಮನೆಮಂದಿಗೆ ನಿದ್ದೆ ಎಲ್ಲಿಂದ ಬರಬೇಕು?

ಆ ಪ್ರಶ್ನೆಗೆ ಉತ್ತರ ಬರೆಯುತ್ತಾ ಹೋದೆ, ಲೇಖನ ಆಯಿತು. ಹಣ್ಣಾಗಿ ಮೈ ಹೊಳೆಯುವ ಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡುವುದು ನನಗೆ ಚಿಕ್ಕಂದಿನಿಂದ ಗೊತ್ತು. ಅದನ್ನೂ ಬರೆಯಬಹುದು ಅಂತ ಯಾರೂ ಹೇಳಿರಲಿಲ್ಲ. ಬರೆದು ಕೊಟ್ಟಾಗಲೆಲ್ಲ ಮೇಡಂ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. 'ಅಮ್ಮ ತುಂಬಾ ಕಷ್ಟಪಡುತ್ತಾಳೆ' ಎಂಬ ಸಾಲಿನ ಪಕ್ಕ 'ಏನು ಮಾಡ್ತಾ?' ಅಂತಿತ್ತು. ಆ ಸಾಲು ಹೋಯಿತು. ಸೊಪ್ಪು ಬಿಡಿಸಿ ಬಿಡಿಸಿ ಕಪ್ಪಾದ ಅಮ್ಮನ ಬೆರಳು ಬಂತು. ಓದಿದವರೆಲ್ಲ ಈಗ ಆ ಬೆರಳಿನ ಮಾತನ್ನೇ ಆಡುತ್ತಾರೆ.

ನಮ್ಮದು ತುಂಬಿದ ಕ್ಲಾಸು. ಎಲ್ಲರ ಹಾಳೆಯನ್ನೂ ಮೇಡಂ ಹೀಗೇ ಓದುತ್ತಾರೆ. ಅವರು ಅತಿಥಿ ಉಪನ್ಯಾಸಕರು. ಬರುವ ವರ್ಷ ಇಲ್ಲೇ ಇರುತ್ತಾರೋ ಇಲ್ಲವೋ, ಅವರಿಗೇ ಗೊತ್ತಿಲ್ಲ. ಇಂಥ ಮೇಷ್ಟ್ರುಗಳು ವರ್ಷ ವರ್ಷ ಕಾಯುವ ಹಾಗೆ ಆಗಬಾರದು. ಅವರು ಇಲ್ಲಿರುವಾಗಲೇ ಹೇಳಿಬಿಡುತ್ತೇನೆ: ಮೇಡಂ, ನಮ್ಮ ಮನೆಯನ್ನು ನಾನು ಸರಿಯಾಗಿ ನೋಡಿದ್ದು ನಿಮ್ಮ ಪ್ರಶ್ನೆಗಳಿಂದ.

ಹಾಸ್ಟೆಲಿನ ಸೀನಿಯರ್ ಅಕ್ಕನಿಗೂ ಋಣಿ. ಪರೀಕ್ಷೆ ಹತ್ತಿರ ಇದ್ದರೂ ಕೂತು 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿಕೊಟ್ಟರು. ಅಮ್ಮ ಫೋನಿನಲ್ಲಿ ಪ್ರತಿ ವಿವರ ಕೇಳಿಸಿಕೊಂಡು, 'ಹಂಗಲ್ಲ, ಹಿಂಗೆ' ಅಂತ ತಿದ್ದಿದರು.

ಅಪ್ಪ ಓದಿ ಒಂದೇ ಮಾತು ಕೇಳಿದರು: 'ಮಾರುಕಟ್ಟೆ ಎಲ್ಲಿ ಮಗಾ?' ನಿಜ, ಗೂಡು ಬಿಡಿಸಿದಲ್ಲಿಗೇ ನಾನು ನಿಲ್ಲಿಸಿದ್ದೆ. ಹರಾಜಿನಲ್ಲಿ ರೇಟು ಗೊತ್ತಾಗುವ ತನಕ ಅವರ ಎದೆ ಹೊಡೆದುಕೊಳ್ಳುವುದು ಅದರಲ್ಲಿಲ್ಲ. ಮುಂದಿನ ಬೆಳೆಗೆ ರಾಮನಗರದ ಮಾರುಕಟ್ಟೆಗೆ ಜೊತೆಯಲ್ಲಿ ಕರೆದುಕೊಂಡು ಹೋಗುತ್ತಾರಂತೆ. ನೋಟ್‌ಬುಕ್ ತಗೊಂಡು ಹೋಗುತ್ತೇನೆ. ಬರೆದದ್ದನ್ನು ಮೇಡಂ ಎಲ್ಲಿದ್ದರೂ ಕಳಿಸುತ್ತೇನೆ, ಪಕ್ಕದಲ್ಲಿ ಜಾಗ ಬಿಟ್ಟು.